ಭಾವನ ಗುಂಡು, ನಮ್ಮ ಗೋಳಿಬಜೆ

ಆಟಿ ತಿಂಗಳ ಮಳೆ. ಉಡುಪಿ ರಥಬೀದಿಯಿಂದ ಸ್ವಲ್ಪ ಆಚೆ ನಮ್ಮ ಮಾಮೂಲಿ ಹೋಟೆಲು, ಮಾಮೂಲಿ ಮೂಲೆ ಮೇಜು. ಸಂಜೆ ಐದೂವರೆ. ಗೋಳಿಬಜೆ ಇನ್ನೂ ಎಣ್ಣೆಯಲ್ಲೇ ಇತ್ತು, ಅಷ್ಟರಲ್ಲಿ ನನ್ನ ಫೋನು ಮೂರು ಸಲ ಕುಂಯ್ ಅಂದಿತು. ಟೆಕ್ಸಾಸಿನಿಂದ ಭಾವ. ಅಲ್ಲಿ ಬೆಳಿಗ್ಗೆ ಏಳು ಗಂಟೆ. ಮೂರು ಫೋಟೋ, ಕೆಳಗೆ ಒಂದೇ ಸಾಲು: "ಇದರಲ್ಲಿ ಯಾವುದು ತಗೊಳ್ಳಲಿ?"

ಭಟ್ರು ಕನ್ನಡಕ ಹಣೆಗೇರಿಸಿ ನೋಡಿದರು. "ಎಂತ ಇದು? ಚಕ್ಕುಲಿ ಅಚ್ಚಾ?"

"ಅಲ್ಲ ಭಟ್ರೆ, ಗುಂಡಿನ ಅಚ್ಚು. ಪಿಸ್ತೂಲಿಗೆ ಹಾಕುವ ಗುಂಡು. ಸೀಸ ಕರಗಿಸಿ ಮನೆಯಲ್ಲೇ ಎರಕ ಹೊಯ್ಯುವುದಂತೆ."

ಮೇಜಿನಲ್ಲಿ ಒಂದು ನಿಮಿಷ ಮಾತಿಲ್ಲ. ನಮ್ಮಲ್ಲಿ ಯಾರೂ ಪಿಸ್ತೂಲು ಮುಟ್ಟಿದವರಲ್ಲ. ಭಟ್ರದ್ದು ಅಡುಗೆ ಕಂಟ್ರಾಕ್ಟು, ಮದುವೆ ಉಪನಯನ. ಲೋಬೊ ಮೂವತ್ತು ವರ್ಷ ಪ್ರಿಂಟಿಂಗ್ ಪ್ರೆಸ್ ನಡೆಸಿ ಬಾಗಿಲು ಹಾಕಿದವರು. ನಾನು ನಿವೃತ್ತ ಗುಮಾಸ್ತ. ಶೆಟ್ರ ಹತ್ತಿರ ಮಾತ್ರ ಒಂದು ಕೋವಿ ಉಂಟು, ಕಾರ್ಕಳದ ತೋಟಕ್ಕೆ ಬರುವ ಹಂದಿ ಓಡಿಸಲಿಕ್ಕೆ, ಲೈಸೆನ್ಸ್ ಸಮೇತ. ಆದರೆ ಅದು ಅವರ ಮನೆಯಲ್ಲಿ ಇದ್ದದ್ದಕ್ಕಿಂತ ಪೊಲೀಸ್ ಠಾಣೆಯಲ್ಲಿ ಇದ್ದದ್ದೇ ಜಾಸ್ತಿ. ಲೋಕಸಭೆ ಬಂತು, ಕೋವಿ ಠಾಣೆಗೆ. ವಿಧಾನಸಭೆ ಬಂತು, ಮತ್ತೆ ಠಾಣೆಗೆ. "ನನಗಿಂತ ಜಾಸ್ತಿ ಚುನಾವಣೆ ನೋಡಿದ್ದು ನನ್ನ ಕೋವಿ" ಅಂತ ಶೆಟ್ರು ಹೇಳುವುದುಂಟು.

ಯಾರಿಗೂ ಗೊತ್ತಿಲ್ಲದ ವಿಷಯ ಅಂದ ಮೇಲೆ ಮಾತಾಡಲಿಕ್ಕೆ ಅಡ್ಡಿ ಏನು? ಎಲ್ಲರೂ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು.

"ಮೊದಲು ಒಂದು ಮಾತು" ಶೆಟ್ರು ಬೆರಳೆತ್ತಿದರು. "ಊರಿಗೆ ಬರುವಾಗ ಆ ಅಚ್ಚನ್ನು ಬ್ಯಾಗಿನಲ್ಲಿ ಹಾಕಿಕೊಂಡು ಬಜಪೆ ಏರ್‌ಪೋರ್ಟಿನಲ್ಲಿ ಇಳಿಯಬೇಡ ಅಂತ ಹೇಳಿ ಅವರಿಗೆ. ನಮ್ಮ 1959ರ ಆಯುಧ ಕಾಯ್ದೆಯಲ್ಲಿ ಗುಂಡು ಮಾತ್ರ ಅಲ್ಲ, ಗುಂಡು ಮಾಡುವ ಸಾಮಾನೂ ಲೆಕ್ಕಕ್ಕೆ ಬರ್ತದೆ. ಲೈಸೆನ್ಸ್ ಇಲ್ಲದೆ ಮಾಡಿದರೆ ಕಡಿಮೆ ಅಂದರೆ 7 ವರ್ಷ ಒಳಗೆ. 2019ರ ತಿದ್ದುಪಡಿ ನಂತರ ಇಷ್ಟು ಬಿಗಿ ಆಗಿದೆ."

"ಅಲ್ಲಿ ತೊಂದರೆ ಇಲ್ವಾ?"

"ಸ್ವಂತಕ್ಕೆ ಮಾಡಿಕೊಂಡರೆ ಇಲ್ಲ. ಮಾರಲಿಕ್ಕೆ ಹೊರಟರೆ ಅಲ್ಲಿಯೂ ಲೈಸೆನ್ಸ್ ಬೇಕು."

"ನಾವು ಹಪ್ಪಳ ಮಾಡಿದ ಹಾಗೆ ಅನ್ನಿ" ಅಂದರು ಭಟ್ರು.

ಗೋಳಿಬಜೆ ಬಂತು. ನಾನು ಫೋಟೋ ದೊಡ್ಡದು ಮಾಡಿ ಮೇಜಿನ ನಡುವೆ ಇಟ್ಟೆ. ಮೊದಲನೆಯದು ಅಲ್ಯೂಮಿನಿಯಂ ಅಚ್ಚು, ಎರಡು ಗುಳಿ. ಎರಡನೆಯದೂ ಅಲ್ಯೂಮಿನಿಯಮ್ಮೇ, ಆದರೆ ಉದ್ದಕ್ಕೆ ಆರು ಗುಳಿ. ಮೂರನೆಯದು ಕಬ್ಬಿಣ, ಕಪ್ಪಗೆ, ಎರಡು ಗುಳಿ. ಎಲ್ಲದಕ್ಕೂ ಕತ್ತರಿಯ ಹಾಗೆ ಎರಡು ಹೋಳು. ಮುಚ್ಚಿ ಹಿಡಿದು ಸೀಸ ಹೊಯ್ಯುವುದು. ಮೇಲೆ ತಿರುಗುವ ಒಂದು ತಟ್ಟೆ ಉಂಟು. ಅದನ್ನು ಮರದ ಕೊಡತಿಯಿಂದ ಕುಟ್ಟಿದರೆ ಗುಳಿಯ ಬಾಯಿ ಮೇಲೆ ಉಳಿದ ಸೀಸ ಕತ್ತರಿಸಿ ಹೋಗುತ್ತದೆ. ಆಮೇಲೆ ಬಿಡಿಸಿದರೆ ಗುಂಡು ದಬಕ್ ಅಂತ ಕೆಳಗೆ.

ಭಟ್ರು ಕಬ್ಬಿಣದ ಮೇಲೆ ಬೆರಳಿಟ್ಟರು. "ಇದೇ. ಕಣ್ಣು ಮುಚ್ಚಿ ತಗೊಳ್ಳಲಿಕ್ಕೆ ಹೇಳಿ. ನೀರುದೋಸೆಗೆ ಕಬ್ಬಿಣದ ಕಾವಲಿಯ ಎದುರು ಬೇರೆ ಯಾವುದಾದರೂ ನಿಲ್ತದಾ?"

"ದೋಸೆ ಅಲ್ಲ ಭಟ್ರೆ ಇದು."

"ಎರಡೂ ಹೊಯ್ಯುವುದೇ ಅಲ್ವಾ ಮಾರಾಯ್ರೆ?"

ಅವರು ಹೇಳಿದ್ದರಲ್ಲಿ ಹುರುಳಿತ್ತು. ಕಬ್ಬಿಣದ ಅಚ್ಚು ನಿಧಾನಕ್ಕೆ ಕಾಯುತ್ತದೆ, ಕಾದ ಮೇಲೆ ಬಿಸಿ ಹಿಡಿದುಕೊಳ್ಳುತ್ತದೆ, ಮೊಮ್ಮಕ್ಕಳ ಕಾಲಕ್ಕೂ ಬಾಳುತ್ತದೆ. ಅಲ್ಯೂಮಿನಿಯಂ ಬೇಗ ಕಾಯುತ್ತದೆ, ಕೈಗೆ ಹಗುರ, ಕ್ರಯವೂ ಕಡಿಮೆ. ಆದರೆ ಒರಟಾಗಿ ಬಡಿದರೆ ಅಂಚು ಹಾಳು. ಯಾವುದೇ ಆದರೂ ಅಚ್ಚು ಕಾಯುವ ಮೊದಲು ಹೊಯ್ದ ಗುಂಡೆಲ್ಲ ಸುಕ್ಕು ಸುಕ್ಕಾಗಿ ಬರುತ್ತದಂತೆ. ಅದನ್ನು ಮತ್ತೆ ಪಾತ್ರೆಗೇ ಹಾಕುವುದು.

"ಮೊದಲ ದೋಸೆ ದನಕ್ಕೆ" ಅಂದರು ಭಟ್ರು. ಅವರ ಪಾಲಿಗೆ ವಿಷಯ ಮುಗಿದ ಹಾಗೆ.

ಲೋಬೊ ಒಪ್ಪಲಿಲ್ಲ. "ಕಬ್ಬಿಣ ತುಕ್ಕು ಹಿಡೀತದೆ. ಪ್ರತಿ ಸಲ ಎಣ್ಣೆ ಸವರಿ ಇಡಬೇಕು. ಮತ್ತೆ ಹೊಯ್ಯುವಾಗ ಆ ಎಣ್ಣೆ ಚೂರೂ ಉಳಿಯದ ಹಾಗೆ ತೆಗೀಬೇಕು. ಇಲ್ಲದಿದ್ದರೆ ಗುಂಡು ಮತ್ತೆ ಸುಕ್ಕು. ಯಾರಿಗೆ ಬೇಕು?"

"ಟೆಕ್ಸಾಸಿನಲ್ಲಿ ಉಡುಪಿ ಮಳೆ ಉಂಟಾ ಲೋಬೊ? ಇಲ್ಲಿ ಆಟಿಯಲ್ಲಿ ಬೀಗದ ಕೈಯೂ ರಾತ್ರಿ ಬೆಳಗಾಗುವುದರೊಳಗೆ ಕೆಂಪಾಗ್ತದೆ. ಅಲ್ಲಿಗೆ ಕಬ್ಬಿಣವೇ ಸರಿ."

ಮಳೆಯ ಮಾತು ಬಂದದ್ದೇ ಭಟ್ರಿಗೆ ಬೇರೊಂದು ನೆನಪಾಯಿತು. ಬಾಣಲೆ ಕಡೆ ಕೈ ತೋರಿಸಿದರು. ಹೊಸ ಹುಡುಗನೊಬ್ಬ ಒದ್ದೆ ಜಾಲರಿಯನ್ನು ಎಣ್ಣೆಗಿಳಿಸಿ, ಚಟಪಟ ಹಾರಿದ್ದಕ್ಕೆ ಹಿಂದೆ ಹಾರಿದ್ದ. "ಎಣ್ಣೆಗೆ ನೀರು ಬಿದ್ದರೆ ಹೀಗೆ. ಸೀಸಕ್ಕೆ ಬಿದ್ದರೆ?"

ಆ ಪ್ರಶ್ನೆಗೆ ತಮಾಷೆಯ ಉತ್ತರ ಇಲ್ಲ. ಸೀಸ ಕರಗುವುದೇ 327 ಡಿಗ್ರಿಗೆ. ಹೊಯ್ಯುವಾಗ ಇನ್ನೂ ಜಾಸ್ತಿ ಬಿಸಿ ಇರುತ್ತದೆ. ಒದ್ದೆ ತುಂಡೊಂದು ಒಳಗೆ ಮುಳುಗಿದರೆ ನೀರು ಒಂದೇ ಸಲಕ್ಕೆ ಹಬೆಯಾಗಿ ಸಾವಿರಾರು ಪಟ್ಟು ಉಬ್ಬುತ್ತದೆ, ಪಾತ್ರೆಯ ಸೀಸವೆಲ್ಲ ಮುಖಕ್ಕೆ. ಬೆವರಿನ ಹನಿಗೂ ಹೆದರಬೇಕು. ಜೊತೆಗೆ ಸೀಸದ ಧೂಳು ವಿಷ, ಮಕ್ಕಳಿಗಂತೂ ಬಹಳ ಕೆಟ್ಟದ್ದು. ಆ ಪಾತ್ರೆ ಮತ್ತೆ ಅಡುಗೆಮನೆಯ ಹೊಸ್ತಿಲು ದಾಟಬಾರದು, ಕೈ ತೊಳೆಯದೆ ತುತ್ತು ಮುಟ್ಟಬಾರದು. "ನನ್ನ ಸೌಟು ಮುಟ್ಟಿದರೆ ನಾನು ಆ ಮನೆಯಲ್ಲಿ ನೀರೂ ಕುಡಿಯುವುದಿಲ್ಲ" ಅಂದರು ಭಟ್ರು. ಭಾವ ಇವರನ್ನು ಯಾವತ್ತೂ ಟೆಕ್ಸಾಸಿಗೆ ಕರೆದಿಲ್ಲ, ಅದು ಬೇರೆ ವಿಷಯ.

ಇನ್ನು ಗುಳಿ. ಎರಡಾ, ಆರಾ?

"ಆರು. ಗುಳಿಯಪ್ಪದ ಕಾವಲಿಯಲ್ಲಿ ಎರಡೇ ಗುಳಿ ಇದ್ದರೆ ಮನೆಮಂದಿ ಉಪವಾಸ" ಅಂದರು ಶೆಟ್ರು.

ನನಗೆ ಬೇರೆ ಅನಿಸಿತು. ಕಲಿಯುವವನಿಗೆ ಆರು ಗುಳಿಯ ಅಚ್ಚು ಭಾರ, ಎಲ್ಲ ಗುಳಿಯೂ ಒಂದೇ ಹದಕ್ಕೆ ಕಾಯಬೇಕು, ಬೇಗ ಬೇಗ ಹೊಯ್ಯಬೇಕು. ಭಾವ ಮೊದಲೇ ಸೋಮಾರಿ. ಮತ್ತೆ ಆ ಅಲ್ಯೂಮಿನಿಯಂ ಅಚ್ಚು ಮಾಡುವ ಲೀ ಕಂಪನಿಯ ಎರಡು ಗುಳಿಯದ್ದಕ್ಕೆ ಹಿಡಿಕೆ ಜೊತೆಗೇ ಬರುತ್ತದೆ, ಆರು ಗುಳಿಯದ್ದಕ್ಕೆ ಬೇರೆ ತೆಗೆದುಕೊಳ್ಳಬೇಕು. ಇಷ್ಟನ್ನೂ ಟೈಪ್ ಮಾಡುವುದು ಯಾರು? ಫೋನಿಗೆ ಬಾಯಿ ಹಚ್ಚಿ ಹೇಳಿದೆ: "ಒಂದು ಸಲಕ್ಕೆ ಆರು ಗುಂಡು ಜಾಸ್ತಿ ಆಗ್ತದೆ, ಕೈ ನಡುಗ್ತದೆ. ಎರಡೇ ಸಾಕು. ಶೆಟ್ರು ಆರು ಅಂತ ಹಟ ಮಾಡ್ತಾ ಇದ್ದಾರೆ, ಅವರಿಗೆಂತ."

ಎರಡು ನಿಮಿಷಕ್ಕೆ ಉತ್ತರ ಬಂತು. ನನ್ನ ಹೆಂಡತಿಯಿಂದ. ಭಾವನಿಗೆ ಹೋಗಬೇಕಾದದ್ದು ಮನೆಗೆ ಹೋಗಿತ್ತು. "ಎರಡೂ ಬೇಡ. ಈಗಲೇ ಮನೆಗೆ ಬನ್ನಿ. ಶೆಟ್ರ ಹೆಂಡತಿಗೆ ನಾನು ಫೋನ್ ಮಾಡ್ತೇನೆ."

ಶೆಟ್ರ ಮುಖ ಒಮ್ಮೆಲೇ ಬಿಳಿಚಿಕೊಂಡಿತು. ಮನೆಯಲ್ಲಿ ಸಮಾಧಾನ ಮಾಡಿ ಬರಲಿಕ್ಕೆ ಇಬ್ಬರಿಗೂ ಹತ್ತು ನಿಮಿಷ ಹಿಡಿಯಿತು. ಅಷ್ಟರಲ್ಲಿ ಲೋಬೊ ಮತ್ತು ಭಟ್ರು ನಮ್ಮ ಪಾಲಿನ ಗೋಳಿಬಜೆ ಖಾಲಿ ಮಾಡಿದ್ದರು.

"ಇಲ್ಲಿ 124 ಗ್ರೇನ್ ಅಂತ ಬರೆದಿದೆ. ಗ್ರೇನ್ ಅಂದರೆ ಎಷ್ಟು?" ಭಟ್ರು ಏನೂ ಆಗದವರ ಹಾಗೆ ಕೇಳಿದರು.

ಒಂದು ಗ್ರಾಮಿಗೆ ಸುಮಾರು ಹದಿನೈದೂವರೆ ಗ್ರೇನ್. 124 ಅಂದರೆ 8 ಗ್ರಾಂ.

"ಎಂಟು ಗ್ರಾಮಾ?" ಶೆಟ್ರು ನೆಟ್ಟಗಾದರು. "ಒಂದು ಪವನು ಚಿನ್ನದ ತೂಕ ಅನ್ನಿ ಮತ್ತೆ!"

ಅಲ್ಲಿಂದ ಲೆಕ್ಕ ಎಲ್ಲರಿಗೂ ತಲೆಗೆ ಹೋಯಿತು. 9 ಮಿಲಿಮೀಟರಿನ ಗುಂಡು ಒಂದು ಪವನು. ಆರು ಗುಳಿಯ ಅಚ್ಚಿನದ್ದು 45ರ ಅಳತೆಯ ಗುಂಡು, 230 ಗ್ರೇನ್, ಹತ್ತಿರ ಹತ್ತಿರ ಎರಡು ಪವನು. ಕಬ್ಬಿಣದ್ದು 38ರ ಅಳತೆಯದ್ದು, 148 ಗ್ರೇನ್, ಒಂದೂಕಾಲು ಪವನಿಗೆ ಸ್ವಲ್ಪ ಕಡಿಮೆ. "ಒಂದು ಸಲ ಪಿಸ್ತೂಲಿನ ಕುದುರೆ ಒತ್ತಿದರೆ ಒಂದು ಉಂಗುರ ಹೋಯಿತು" ಅಂತ ಶೆಟ್ರು ನಿಟ್ಟುಸಿರು ಬಿಟ್ಟರು. ಸೀಸ ಚಿನ್ನ ಅಲ್ಲ ಅಂತ ನೆನಪು ಮಾಡಿದರೂ ಅವರಿಗೆ ಸಮಾಧಾನ ಆಗಲಿಲ್ಲ. ಮಗಳ ಮದುವೆ ಡಿಸೆಂಬರಿಗೆ ಉಂಟು, ಪಾಪ.

ಆ 38ರ ಗುಂಡಿನ ಆಕಾರ ಲೋಬೊ ಅವರಿಗೆ ಹಿಡಿಸಿತು. ಅದಕ್ಕೆ ಮೂತಿಯೇ ಇಲ್ಲ, ಬೆಂಡಿನ ಬಿರಡೆಯ ಹಾಗೆ ಚಪ್ಪಟೆ. ಕಾಗದದ ಗುರಿಗೆ ಹೊಡೆಯುವವರಿಗೆ ಅಂತಲೇ ಮಾಡಿದ್ದು. ಉರುಟು ಮೂತಿಯ ಗುಂಡು ಕಾಗದವನ್ನು ಹರಿಯುತ್ತದೆ, ಇದು ಆಫೀಸಿನ ಪಂಚಿನ ಹಾಗೆ ದುಂಡಗೆ ತೂತು ಕತ್ತರಿಸುತ್ತದೆ, ಎಷ್ಟು ಬಿತ್ತು ಅಂತ ಎಣಿಸುವುದು ಸುಲಭ. ಆದರೆ ತನ್ನಷ್ಟಕ್ಕೆ ಗುಂಡು ತುಂಬಿಕೊಳ್ಳುವ ಪಿಸ್ತೂಲಿನಲ್ಲಿ ಇಂಥದ್ದು ಸಿಕ್ಕಿಹಾಕಿಕೊಳ್ಳುವುದು ಜಾಸ್ತಿ. ಅಲ್ಲಿಗೆ ಉರುಟು ಮೂತಿಯೇ ವಾಸಿ.

"ಸೀಸ ಎಲ್ಲಿಂದ ತರ್ತಾರಂತೆ?" ಲೋಬೊ ಕೇಳಿದರು. ಭಾವ ಟೈರ್ ಅಂಗಡಿಯಿಂದ ಒಂದು ಬಕೆಟ್ ತಂದಿಟ್ಟಿದ್ದು ನನಗೆ ಗೊತ್ತಿತ್ತು. ಚಕ್ರದ ತೂಕ ಸರಿಮಾಡಲು ಅಂಚಿಗೆ ಬಡಿಯುತ್ತಾರಲ್ಲ, ಆ ತುಂಡುಗಳು. ಈಗ ಅದರಲ್ಲಿ ಸತು, ಉಕ್ಕು ಎಲ್ಲ ಸೇರಿರುತ್ತದೆ. ಸತು ಕರಗುವುದು 419 ಡಿಗ್ರಿಗೆ. ಬೆಂಕಿ ಸಣ್ಣದಿಟ್ಟರೆ ಸತು ಕರಗದೆ ಮೇಲೆ ತೇಲುತ್ತದೆ, ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಆರಿಸಬಹುದು. ಅದು ಕರಗಿ ಸೇರಿದರೆ ಇಡೀ ಪಾತ್ರೆ ಕೆಟ್ಟಿತು.

"ಅಯ್ಯೋ, ಪ್ರೆಸ್ಸಿನ ಸೀಸ ಸಿಕ್ಕಿದರೆ ಬಿಡಬೇಡಿ ಅಂತ ಹೇಳಿ. ಅದರ ಹಾಗೆ ಅಚ್ಚಿನ ಮೂಲೆ ಮೂಲೆ ತುಂಬುವ ಲೋಹ ಇನ್ನೊಂದಿಲ್ಲ." ಲೋಬೊ ಕಣ್ಣಲ್ಲಿ ಹಳೆಯ ಹೊಳಪು. ಸಾಲು ಸಾಲಾಗಿ ಅಕ್ಷರ ಎರೆಯುವ ಲೈನೋಟೈಪ್ ಯಂತ್ರದ ಸೀಸದಲ್ಲಿ ನೂರಕ್ಕೆ 84 ಪಾಲು ಸೀಸ, 12 ಆಂಟಿಮನಿ, 4 ತವರ. ಆಂಟಿಮನಿ ಗಟ್ಟಿ ಮಾಡುತ್ತದೆ, ತವರ ಚೆನ್ನಾಗಿ ಹರಿಯುವ ಹಾಗೆ ಮಾಡುತ್ತದೆ. ಅಮೆರಿಕದಲ್ಲಿ ಪ್ರೆಸ್ಸುಗಳು ಮುಚ್ಚಿದ ಮೇಲೆ ಆ ಸೀಸವನ್ನು ಗುಂಡು ಎರೆಯುವವರು ಹುಡುಕಿಕೊಂಡು ಹೋಗುತ್ತಾರಂತೆ.

"ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ 1894ರಲ್ಲಿ ಕಿಟೆಲ್ ನಿಘಂಟು ಅಚ್ಚಾಯಿತಲ್ಲ, ಸಾವಿರದೇಳುನೂರಕ್ಕೂ ಜಾಸ್ತಿ ಪುಟ. ಅಷ್ಟಕ್ಕೂ ಒಂದೊಂದೇ ಸೀಸದ ಅಕ್ಷರದ ಮೊಳೆ ಜೋಡಿಸಿದ್ದು. ಒತ್ತಕ್ಷರಕ್ಕೆ ಬೇರೆ ಮೊಳೆ, ದೀರ್ಘಕ್ಕೆ ಬೇರೆ ಮೊಳೆ. ಯೋಚನೆ ಮಾಡಿ!"

"ನಿಮ್ಮ ಮೊಳೆ ಎಲ್ಲ ಎಂತ ಮಾಡಿದಿರಿ?"

ಲೋಬೊ ಸ್ವಲ್ಪ ಹೊತ್ತು ಕಾಫಿ ಕಲಕಿದರು. "ಗುಜರಿಗೆ ಹಾಕಿದೆ. ತೂಕದ ಲೆಕ್ಕ. ಆಮೇಲೆ ಗೊತ್ತಾಯಿತು, ಅದು ಮಲ್ಪೆಗೆ ಹೋಗಿ ಬಲೆಯ ಗುಂಡು ಆಗಿದೆ." ಶರ್ಟಿನ ಕಿಸೆಯಿಂದ ಒಂದು ಚೂರು ತೆಗೆದು ಮೇಜಿನ ಮೇಲೆ ಇಟ್ಟರು. ಕಿರುಬೆರಳ ಉಗುರಿನಷ್ಟು ದಪ್ಪ, ತುದಿಯಲ್ಲಿ ತಿರುಗುಮುರುಗಾಗಿ ಒಂದು ಅಕ್ಷರ. ಬೆಳಕಿಗೆ ಹಿಡಿದು ನೋಡಿದೆ. "ಳ". ಮೂವತ್ತು ವರ್ಷದ ಮದುವೆ ಕಾಗದ, ಕೋಲದ ಕರಪತ್ರ, ಯಕ್ಷಗಾನದ ನೋಟೀಸು, ಶ್ರದ್ಧಾಂಜಲಿ ಎಲ್ಲ ಈಗ ಅರಬ್ಬಿ ಸಮುದ್ರದ ಅಡಿಯಲ್ಲಿ ಬಂಗುಡೆ ಹಿಡಿಯುತ್ತಿದೆ.

ಯಾರೂ ಏನೂ ಹೇಳಲಿಲ್ಲ. ಶೆಟ್ರು ಮಾತ್ರ ಇನ್ನೂ ಫೋಟೋ ನೋಡುತ್ತಿದ್ದರು.

"ಒಂದು ವಿಷಯ ನನಗೆ ಅರ್ಥ ಆಗಲಿಲ್ಲ. ಒಂದು ಅಚ್ಚು 9 ಮಿಲಿಮೀಟರಿಗೆ. ಒಂದು 45ಕ್ಕೆ. ಇನ್ನೊಂದು 38ಕ್ಕೆ. ಗುಂಡು ನಳಿಗೆಗೆ ಸರಿಯಾಗಿ ಕೂರಬೇಕು, ನಳಿಗೆಗಿಂತ ಇಂಚಿನ ಸಾವಿರದಲ್ಲೊಂದು ಪಾಲು ಜಾಸ್ತಿಯೇ ದಪ್ಪ ಇರಬೇಕು ಅಂತಾರೆ. ಸಣ್ಣದಾದರೆ ಬಿಸಿ ಗಾಳಿ ಪಕ್ಕದಿಂದ ನುಗ್ಗಿ ಒಳಗೆಲ್ಲ ಸೀಸ ಮೆತ್ತಿಕೊಳ್ತದೆ. ಹಾಗಾದರೆ ಈ ಮೂರೂ ಒಂದೇ ಪಿಸ್ತೂಲಿಗೆ ಹೇಗೆ? ನಿಮ್ಮ ಭಾವನ ಹತ್ತಿರ ಇರುವುದು ಯಾವುದು?"

ಒಂದೂವರೆ ಗಂಟೆಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಅದು. ಈ ಸಲ ಹೆಸರು ಎರಡೆರಡು ಸಲ ನೋಡಿ ಕಳಿಸಿದೆ.

ಭಾವನ ಉತ್ತರ: "ಪಿಸ್ತೂಲು ಇನ್ನೂ ತಗೊಂಡಿಲ್ಲ. ನಿನ್ನ ಅಕ್ಕ ಬೇಡ ಅಂತಾಳೆ. ಮೊದಲು ಅಚ್ಚು ತಂದಿಟ್ಟರೆ ನಿಧಾನಕ್ಕೆ ಒಪ್ಪಿಯಾಳು ಅಂತ. ಗ್ಲಾಕ್ ತಗೊಳ್ಳುವ ಮನಸ್ಸಿದೆ. ಆದರೆ ಬರೀ ಸೀಸದ ಗುಂಡು ಹಾಕಬೇಡಿ ಅಂತ ಅದರ ಕಂಪನಿಯವರೇ ಹೇಳ್ತಾರೆ. ಅದಕ್ಕೇ ನಿಮ್ಮನ್ನು ಕೇಳಿದ್ದು."

"ಕೂಸು ಹುಟ್ಟುವ ಮೊದಲೇ ಕುಲಾವಿ" ಅಂದರು ಭಟ್ರು.

"ಕೂಸಲ್ಲ, ಮದುವೆಯೇ ಆಗಿಲ್ಲ" ಅಂದರು ಲೋಬೊ.

ಬಿಲ್ಲು ತರಿಸಲಿಕ್ಕೆ ಕೈ ಎತ್ತಿದ್ದೆ, ಫೋನು ಮತ್ತೆ ಕುಂಯ್ ಅಂದಿತು. ಭಾವನ ನಂಬರೇ, ಬರೆದದ್ದು ಅಕ್ಕ. "ಇವರಿಗೆ ಬೇರೆ ಕೆಲಸ ಇಲ್ಲ. ನಿಮಗೂ ಇಲ್ವಾ? ಅಚ್ಚು ನೋಡುವುದಾದರೆ ಒತ್ತು ಶ್ಯಾವಿಗೆಯ ಅಚ್ಚು ನೋಡಿ ಕಳಿಸು. ಇಲ್ಲಿಯದ್ದರ ಹಿಡಿ ಮುರಿದಿದೆ."

ಭಟ್ರು ಕನ್ನಡಕ ಮತ್ತೆ ಹಣೆಯಿಂದ ಇಳಿಸಿದರು. ಹುಡುಗನನ್ನು ಕರೆದು ಇನ್ನೊಂದು ಪ್ಲೇಟು ಗೋಳಿಬಜೆ ಹೇಳಿದರು.

"ಹಿತ್ತಾಳೆಯದ್ದಾ, ಮರದ್ದಾ, ಸ್ಟೀಲಿನದ್ದಾ? ಕೇಳಿ ಮೊದಲು. ಅವಸರ ಮಾಡಬೇಡಿ."