ಎರಡನೇ ಬಸರಿನ್ಯಾಗ ತೊಡಿಸಂದಿ ನೋವು, ಈ ಸಲ ಭಾಳ ಲಗೂನ ಚಾಲೂ ಆಗೇತಿ, ಏನ್ ಮಾಡೂದ್ರಿ?

ಕೂಸಿನವ್ವ_ಹುಬ್ಬಳ್ಳಿ:
ಎಲ್ಲಾರಿಗೂ ನಮಸ್ಕಾರ್ರಿ. ನಂದು ಈಗ ಎರಡನೇದು, ಐದು ಮುಗದು ಆರರಾಗ ಬಿದ್ದೈತಿ. ಮಗಳು ಹೊಟ್ಟ್ಯಾಗ ಇದ್ದಾಗ ಎಂಟನೇ ತಿಂಗಳಿಗೆ ಹೊಟ್ಟಿ ಕೆಳಗಿನ ನಡುವಿನ ಎಲುಬು ನೂಸಾಕ ಹತ್ತಿತ್ತು, ಹಡದ ಮ್ಯಾಲ ತಾನ ಹೋತು, ನಾನೂ ಮರತ ಬಿಟ್ಟಿದ್ದೆ. ಈ ಸಲ ನಾಲ್ಕು ತಿಂಗಳಿಗೇ ಬಂದೈತಿ, ಮುಂದ ಅಷ್ಟ ಅಲ್ಲ ಹಿಂದ ಟೊಂಕದ ಕೆಳಗ ಕುಂಡಿ ಹತ್ರಾನೂ ಐತಿ. ರಾತ್ರಿ ಮಗ್ಗಲಾ ಬದಲಸಬೇಕಂದ್ರ ಯಾರೋ ಎರಡೂ ಕಾಲ ಹಿಡದು ಆಕಡಿ ಈಕಡಿ ಜಗ್ಗಿದಂಗ ಆಗ್ತೈತಿ, ಒಂದೊಂದ್ಸಲ ಒಳಗ ಕಟ್ ಅಂತ ಸಪ್ಪಳಾನೂ ಬರ್ತೈತಿ. ಪ್ಯಾಂಟ್ ಹಾಕ್ಕೊಳ್ಳಾಕ ಒಂದ ಕಾಲ ಎತ್ತಿದ್ರ ಗ್ವಾಡಿ ಹಿಡೀಬೇಕು. ನಳಾ ಬಂದ ದಿನ ಅಂತೂ ಕೇಳಬ್ಯಾಡ್ರಿ, ಕೊಡ ತುಂಬಿ ಬ್ಯಾರಲ್‌ಗೆ ಹಾಕೂದ್ರಾಗ ಸಂಜಿಗೆ ನಡ್ಯಾಕೂ ಬರೂದಿಲ್ಲ, ಅದರಾಗ ಎರಡೂವರಿ ವರ್ಷದ ಮಗಳು ಎತ್ಕೋ ಎತ್ಕೋ ಅಂತ ಸೀರಿ ಜಗ್ಗತಾಳ.

ಚೆಕಪ್ಪಿಗೆ ಹೋದಾಗ ಹೇಳಿದ್ರ ಮೇಡಂ ಮಾರಿ ಸೈತ ನೋಡ್ಲಿಲ್ಲ, ಬಸರಿದ್ದಾಗ ಇದೆಲ್ಲಾ ಇರೂದ ಅಂತ ಕ್ಯಾಲ್ಸಿಯಂ ಬರದು ಕಳಿಸಿದ್ರು. ಅತ್ತಿಯವರು ನಾವು ಹೊಲಕ್ಕ ಹೋಗಿ ಬಂದು ಹಡದೇವಿ ಅಂತಾರ. ಕೂಸಿಗೆ ಏನರ ಆಗ್ತೈತೇನ್ರಿ? ನಾರ್ಮಲ್ ಆಗ್ತೈತೋ ಸಿಜೇರಿಯನ್ನ ಮಾಡಿಸಬೇಕೋ? ಮತ್ತ ಬಸರಿಯರು ಟೊಂಕಕ್ಕ ಕಟ್ಟೂ ಬೆಲ್ಟ್ ತಗೊಂಡ್ರ ನಡೀತೈತೇನು?

ಗದಗಿನಾಕಿ:
ತಂಗಿ, ನಂಗ ಮೂರೂ ಬಸರಿನ್ಯಾಗ ಇತ್ತು ಇದು, ಪ್ರತಿ ಸಲ ಮೊದಲಿಗಿಂತ ಲಗೂ. ಮೊದಲ ರೊಟ್ಟಿ ಬಡಿಯೂದು ನೆಲದ ಮ್ಯಾಲಿಂದ ಕಟ್ಟಿಗೆ ತಾ. ಚಕ್ಕಳಮಕ್ಕಳ ಹಾಕಿ ಕುಂತು ಏಳೂದು, ಕುಕ್ಕರಗಾಲಿಲೆ ಕುಂತು ಅರಿಬಿ ಒಗಿಯೂದು, ನೆಲಾ ಒರಸೂದು, ಇವು ಮೂರು ಬಿಟ್ಟ ಮ್ಯಾಲ ನಂಗ ಅರ್ಧಾ ನೋವು ಇಳೀತು. ಸಂಡಾಸ ಕೆಳಗ ಕುಂದ್ರೂದಿದ್ರ ಮೆಡಿಕಲ್‌ದಾಗ ಮ್ಯಾಲ ಇಡೂ ಖುರ್ಚಿ ಸಿಗ್ತೈತಿ, ತರಿಸು, ನಾಚಿಕಿ ಬ್ಯಾಡ.

ಹಾಸಿಗ್ಯಾಗ ಹೊಳ್ಳೂದು ಹಿಂಗ: ಎರಡೂ ಮೊಣಕಾಲ ಮಡಚಿ ಒಂದಕ್ಕೊಂದು ಹಚ್ಚಿ, ನಡುವ ದಿಂಬು ಬಿಗಿ ಹಿಡದು, ಹೆಗಲು ಟೊಂಕ ಮೊಣಕಾಲು ಎಲ್ಲಾ ಒಮ್ಮೆಲೆ ಹೊಳ್ಳಬೇಕು. ಮೊದಲ ಒಂದ ಕಾಲ ತಗದಿ ಅಂದ್ರ ಮುಗೀತು. ಏಳುವಾಗೂ ಮಗ್ಗಲಾಗಿ ಕಾಲು ಜೋಡಿಸಿ ಕೆಳಗ ಬಿಟ್ಟು ಕೈ ಊರಿ ಏಳು.

ಮಗಳನ್ನ ಟೊಂಕದ ಮ್ಯಾಲ ಒಂದ ಮಗ್ಗಲಾ ಎತ್ಕೋಬ್ಯಾಡ. ನೀ ಮಂಚದ ಮ್ಯಾಲ ಕುಂದ್ರು, ಆಕಿ ತಾನ ಹತ್ತಿ ತೊಡಿ ಮ್ಯಾಲ ಬರ್ಲಿ. ಕೊಡಾ ಮಾತ್ರ ನಿನ್ನ ಗಂಡ ಎತ್ಲಿ, ಪೈಪ್ ಹಚ್ಚಿದ್ರ ಬ್ಯಾರಲ್ ತಾನ ತುಂಬ್ತೈತಿ, ಅದಕ್ಕ ಬಸರಿ ಹೆಂಗಸು ಯಾಕ ಬೇಕು? ಅತ್ತಿಯವರ ಮಾತಿಗೆ ಹ್ಞೂಂ ಅನ್ನು. ಅವರ ಕಾಲದಾಗೂ ನೋವಿತ್ತವ್ವ, ಕೇಳಾವ್ರು ಇರಲಿಲ್ಲ ಅಷ್ಟ.

ಫಿಜಿಯೋ_ಧಾರವಾಡ:
ನಾನು ಫಿಜಿಯೋಥೆರಪಿಸ್ಟ್, ಬಾಣಂತಿಯರು ಬಸರಿಯರನ್ನ ದಿನಾ ನೋಡ್ತೀನಿ. ನೀವು ಹೇಳೂದು ಪೆಲ್ವಿಕ್ ಗರ್ಡಲ್ ಪೇನ್, ಅಂದ್ರ ಟೊಂಕದ ಎಲುಬಿನ ಕೀಲುಗಳ ನೋವು ಇದ್ದಂಗ ಐತಿ, ಕೈ ಹಚ್ಚಿ ನೋಡದ ಪಕ್ಕಾ ಅನ್ನಾಕ ಬರೂದಿಲ್ಲ. ಟೊಂಕದ ಎಲುಬು ಬಳಿಯಂಗ ದುಂಡಗ ಇರ್ತೈತಿ, ಮುಂದ ಒಂದು ಕೀಲು, ಹಿಂದ ಎರಡು. ಬಸರಿನ್ಯಾಗ ಹಾರ್ಮೋನ್‌ನಿಂದ ಅಲ್ಲಿನ ಬಿಗಿ ಸಡಲಾಗ್ತೈತಿ, ಭಾರ ಏರತೈತಿ, ಸ್ನಾಯುಗಳ ಮ್ಯಾಲ ಹೆಚ್ಚಿಗಿ ಕೆಲಸ ಬೀಳತೈತಿ. ಹಾರ್ಮೋನ್ ಎಲ್ಲಾರಿಗೂ ಇರ್ತೈತಿ, ನೋವು ಎಲ್ಲಾರಿಗೂ ಬರೂದಿಲ್ಲ, ಹಂಗಾಗಿ ಅದೊಂದರ ಮ್ಯಾಲ ಹೇರಾಕ ಬರೂದಿಲ್ಲ. ಸುಮಾರು 5 ಬಸರಿಯರೊಳಗ ಒಬ್ಬರಿಗೆ ಬರೂ ತ್ರಾಸ ಇದು. ಹಿಂದಿನ ಸಲ ಬಂದಾವ್ರಿಗೆ, ಮೊದಲ ಟೊಂಕ ನೋವಿದ್ದಾವ್ರಿಗೆ, ಬಿದ್ದು ಪೆಟ್ಟಾದಾವ್ರಿಗೆ ಸಂಭವ ಜಾಸ್ತಿ. ಕ್ಯಾಲ್ಸಿಯಂ ತಗೊಳ್ರಿ, ಅದು ಬಸರಿಗೆ ಬೇಕು, ಆದ್ರ ಈ ನೋವಿಗೆ ಔಷಧ ಅಲ್ಲ.

ಕೂಸಿಗೆ ಏನೂ ಆಗೂದಿಲ್ಲ. ಹೆಚ್ಚಿನವರಿಗೆ ನಾರ್ಮಲ್ ಆಗ್ತೈತಿ, ಇದೊಂದ ಕಾರಣಕ್ಕ ಸಿಜೇರಿಯನ್ ಬೇಕಾಗಿಲ್ಲ. ನೋವಾಗದಂಗ ಎರಡೂ ಮೊಣಕಾಲ ಎಷ್ಟು ಅಗಲ ಆಗ್ತಾವು ಅಂತ ಮನ್ಯಾಗ ಟೇಪ್ ಹಿಡದು ಅಳದು ತಾಯಿ ಕಾರ್ಡ್‌ನ್ಯಾಗ ಬರಸ್ರಿ, ಹಡಿಯೂ ಹೊತ್ತಿನ್ಯಾಗ ಅದಕ್ಕಿಂತ ಅಗಲ ಮಾಡಬ್ಯಾಡ್ರಿ ಅಂತ ಸಿಸ್ಟರ್‌ಗೆ ಹೇಳ್ರಿ. ಮಗ್ಗಲಾಗಿ ಮಲಗಿ ಹಡಿಯಾಕೂ ಬರ್ತೈತಿ. ಸೂಜಿ ಕೊಟ್ಟು ನೋವು ಗೊತ್ತಾಗದಂಗ ಮಾಡಿದ್ದ್ರಂತೂ ಈ ಅಳತಿ ಇನ್ನೂ ಮುಖ್ಯ.

ಬೆಲ್ಟ್ ಕೆಲವರಿಗೆ ಆರಾಮ ಕೊಡ್ತೈತಿ, ಹೊಟ್ಟಿ ಮ್ಯಾಲ ಅಲ್ಲ, ಕೆಳಗ ಟೊಂಕದ ಎಲುಬಿನ ಸುತ್ತ ಕುಂದ್ರಬೇಕು, ನಿಂತು ಓಡಾಡುವಾಗ ಹಾಕಿ ಮಲಗುವಾಗ ತಗೀರಿ. ಒಮ್ಮೆ ತೋರಿಸಿಕೊಂಡು ತಗೊಳ್ರಿ. ಅದಕ್ಕಿಂತ ವ್ಯಾಯಾಮ ದೊಡ್ಡದು: ಉಚ್ಚಿ ತಡ್ಕೊಂಡಂಗ ಕೆಳಗಿನ ಸ್ನಾಯು ಬಿಗಿ ಮಾಡಿ ಬಿಡೂದು, ಹೊಟ್ಟಿ ಒಳಗಿನ ಸ್ನಾಯು ಹಗೂರಕ ಎಳಕೊಳ್ಳೂದು. ಪಾವಟಿಗಿ ಒಂದೊಂದ ಹತ್ತಿ, ಮ್ಯಾಲ ಹೋಗುವಾಗ ನೋವು ಕಡಿಮಿ ಇರೂ ಕಾಲ ಮೊದಲು, ಇಳಿಯುವಾಗ ನೋವಿನ ಕಾಲ ಮೊದಲು. ಪ್ಯಾಂಟ್ ಕುಂತ ಹಾಕ್ಕೊಳ್ರಿ. ಮೆಡಿಕಲ್‌ನಿಂದ ಬ್ರೂಫೆನ್ ತರಾಕ ಹೋಗಬ್ಯಾಡ್ರಿ, ಬಸರಿನ್ಯಾಗ ಬ್ಯಾಡ ಅದು. ಪ್ಯಾರಸಿಟಮಾಲ್ ಡಾಕ್ಟರ್‌ನ ಕೇಳಿ ತಗೊಳ್ರಿ.

ಹುಬ್ಬಳ್ಳಿ ಕಿಮ್ಸ್ ದವಾಖಾನ್ಯಾಗ (ಈಗ ಕೆಎಂಸಿಆರ್‌ಐ ಅಂತಾರ) ಫಿಜಿಯೋ ವಿಭಾಗ ಐತಿ, ಸತ್ತೂರ ಎಸ್‌ಡಿಎಂದಾಗ ಫಿಜಿಯೋಥೆರಪಿ ಕಾಲೇಜ ಐತಿ. ಎಂಟು ತಿಂಗಳ ತನಕ ತಡೀಬ್ಯಾಡ್ರಿ.

ಬಾಳಕ್ಕ_ಹಾವೇರಿ:
ಎಳ್ಳೆಣ್ಣಿ ಬಿಸಿ ಮಾಡಿ ಸಂದಿಗೆ ತಿಕ್ಕಿಸಿ ಕಾಲ ಜಗ್ಗಸ್ರಿ, ಎಲುಬು ಕುಂದರ್ತೈತಿ. ನಮ್ಮೂರಾಗ ಒಬ್ಬಾಕಿ ಅದಾಳ, ಒಂದ ಸಲಕ್ಕ ಆರಾಮ.

ಫಿಜಿಯೋ_ಧಾರವಾಡ:
ಬಾಳಕ್ಕಾರ, ಟೊಂಕಕ್ಕ ಹಗೂರಕ ಎಣ್ಣಿ ಹಚ್ಚಿದ್ರ ಬ್ಯಾಡ ಅನ್ನೂದಿಲ್ರಿ. ಆದ್ರ ಕಾಲ ಜಗ್ಗೂದು, ಅಗಲ ಮಾಡೂದು ದಯವಿಟ್ಟು ಬ್ಯಾಡ. ಮೊದಲ ಸಡಲಾದ ಕೀಲು ಅದು, ಜಗ್ಗಿಸಿಕೊಂಡು ಮರುದಿನ ಕಾಲ ಊರಾಕ ಬರದ ಬಂದಾವ್ರನ್ನ ನೋಡೀನಿ.

ಎರಡಮಕ್ಕಳಪ್ಪ:
ನನ್ನ ಹೆಂಡ್ತಿಗೂ ಇತ್ತು, ದಿನಾ ಧಾರವಾಡದಿಂದ ಹುಬ್ಬಳ್ಳಿಗೆ ನೌಕರಿಗೆ ಹೋಗ್ತಿದ್ಲು. ಹಳೇ ಬಸ್ಸಿನ ಪಾವಟಿಗಿ ಹತ್ತಾಕ ಕಾಲ ಮ್ಯಾಲ ಎತ್ತಬೇಕು, ಅದ ಹುಬ್ಬಳ್ಳಿ-ಧಾರವಾಡ ನಡುವಿನ ಚಿಗರಿ (ಬಿಆರ್‌ಟಿಎಸ್) ಬಸ್ಸಿಗೆ ಪ್ಲಾಟ್‌ಫಾರ್ಮ್ ಬಸ್ಸಿನ ಸಮಾ ಇರ್ತೈತಿ, ಸೀದಾ ನಡದು ಹೋಗಬಹುದು. ಕಾರಿನ್ಯಾಗ ಮೊದಲ ಕುಂಡಿ ಊರಿ ಕುಂತು, ಆಮ್ಯಾಲ ಎರಡೂ ಕಾಲ ಜೋಡಿಸಿ ಒಳಗ ತಿರುಗಬೇಕು, ಸೀಟಿನ ಮ್ಯಾಲ ಒಂದು ಪ್ಲಾಸ್ಟಿಕ್ ಚೀಲಾ ಹಾಸಿದ್ರ ಸರಳ ಜಾರತೈತಿ. ಗಾಡಿ ಮ್ಯಾಲ ಕರಕೊಂಡು ಅಡ್ಡಾಡೂದಂತೂ ಬಂದ್ ಮಾಡ್ರಿ, ನಮ್ಮ ರೋಡ್‌ಗಳ ಗುಂಡಿ ಗೊತ್ತೈತಲ್ಲ. ಮತ್ತ ಗಂಡಸರಿಗೆ ಒಂದ ಮಾತು, ಕೊಡ ಎತ್ತಿದ್ರ ಕಿರೀಟ ಬೀಳೂದಿಲ್ಲ.

ಕೂಸಿನವ್ವ_ಹುಬ್ಬಳ್ಳಿ:
ಎಲ್ಲಾರಿಗೂ ಭಾಳ ಥ್ಯಾಂಕ್ಸ್ ರಿ. ನಿನ್ನೆ ರಾತ್ರಿ ಗದಗಿನ ಅಕ್ಕಾರ ಹೇಳಿದಂಗ ಹೊಳ್ಳಿ ನೋಡಿದೆ, ನೋವು ಇತ್ತು ಆದ್ರ ಚೀರಲಿಲ್ಲ. ಮನೆಯವರಿಗೆ ಇದೆಲ್ಲಾ ಓದಿಸಿದೆ, ಪೈಪ್ ತಂದಾರ. ಫಿಜಿಯೋ ಮೇಡಂ, ಇನ್ನೊಂದು, ಮೊನ್ನೆಯಿಂದ ಉಚ್ಚಿ ಹೋಗುವಾಗ ಉರಿ ಐತಿ, ಸಣ್ಣಗ ಚಳಿನೂ ಬರ್ತೈತಿ, ಅದೂ ಇದರದ್ದೇನ್ರಿ?

ಫಿಜಿಯೋ_ಧಾರವಾಡ:
ಅಲ್ರಿ, ಅದು ಬ್ಯಾರೆ. ಉರಿ ಜೋಡಿ ಚಳಿ ಅಂದ್ರ ಇನ್‌ಫೆಕ್ಷನ್ ಇರಬಹುದು, ಬಸರಿನ್ಯಾಗ ಬಿಡಬಾರದು. ನಾಳೆ ಅನ್ನಬ್ಯಾಡ್ರಿ, ಇವತ್ತ ಹೋಗಿ ಉಚ್ಚಿ ಟೆಸ್ಟ್ ಮಾಡಸ್ರಿ. ರಕ್ತ ಅಥವಾ ನೀರು ಹೋದ್ರ, ಕೂಸಿನ ಮಿಸುಕಾಟ ಕಡಿಮಿ ಆದ್ರ, ಬಿಟ್ಟು ಬಿಟ್ಟು ಹೊಟ್ಟಿ ಬಿಗಿ ಹಿಡದ್ರ, ಕಾಲಾಗ ಅಥವಾ ಕೆಳಗ ಜೋಮು ಹಿಡದು ಉಚ್ಚಿ ತಡಿಯಾಕ ಬರದಂಗ ಆದ್ರ ರಾತ್ರಿಯಾದ್ರೂ ದವಾಖಾನಿಗೆ ಹೋಗ್ರಿ. ಮೊದಲಿನ ಮೇಡಂ ಕೇಳೂದಿಲ್ಲ ಅಂದ್ರ ಪ್ರತಿ ತಿಂಗಳ 9ಕ್ಕ ಸರ್ಕಾರಿ ದವಾಖಾನ್ಯಾಗ ಬಸರಿಯರ ಫ್ರೀ ತಪಾಸಣಿ ಇರ್ತೈತಿ, ಆಶಾ ಕಾರ್ಯಕರ್ತಿನ ಕೇಳ್ರಿ, ಟೊಂಕದ ನೋವು ಅಲ್ಲಿ ತೋರಸ್ರಿ. ಉರಿ ಮಾತ್ರ ಇವತ್ತ.