ನಿರೀಕ್ಷಣಾ ಜಾಮೀನು: ಸಿಕ್ಕ ಮೇಲೂ ನಿರೀಕ್ಷೆ ಯಾಕೆ?

ಗೆಳೆಯರೇ, ನಮಸ್ಕಾರ.

ಹೋದ ವಾರ ನಮ್ಮ ಸೋದರತ್ತೆ ಪೇಪರ್ ಓದುತ್ತಾ ಕೂತಿದ್ದರು. ಕಚೇರಿಯೊಂದರ ನೌಕರ ಆತ್ಮಹತ್ಯೆ ಮಾಡಿಕೊಂಡ ಸುದ್ದಿ. ಮೇಲಿನವರ ಕಿರುಕುಳವೇ ಕಾರಣ ಅಂತ ಮನೆಯವರ ದೂರು. ಕೊನೆಗೆ 'ಇಬ್ಬರಿಗೆ ನಿರೀಕ್ಷಣಾ ಜಾಮೀನು' ಅಂತ ಇತ್ತು. ಅತ್ತೆ ಕನ್ನಡಕ ಮೇಲೆತ್ತಿ, "ಅಂದ್ರೆ ಇನ್ನೂ ಸಿಕ್ಕಿಲ್ಲ, ಸಿಗಬಹುದು ಅಂತ ಕಾಯ್ತಾ ಇದ್ದಾರೆ, ಅಲ್ವಾ?" ಅಂದರು. ಇಲ್ಲ ಅತ್ತೆ, ಸಿಕ್ಕಿದೆ ಅಂದೆ. "ಸಿಕ್ಕ ಮೇಲೆ ನಿರೀಕ್ಷಣೆ ಎಲ್ಲಿಂದ ಬಂತು?" ಅಂತ ಕೇಳಿದರು.

ಒಂದು ಸಣ್ಣ ಪತ್ರಿಕೆಗೆ ಕರಡು ತಿದ್ದುವುದು ನನ್ನ ಕೆಲಸ. ಈ ಪದ ನೂರಾರು ಸಲ ನನ್ನ ಕೈ ದಾಟಿ ಅಚ್ಚಿಗೆ ಹೋಗಿದೆ. ಒಮ್ಮೆಯೂ ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಮೊದಲು ವಿಷಯ ಏನು ಅಂತ ನೋಡೋಣ. ಜಾಮೀನು ಹಕ್ಕಾಗಿ ಸಿಗದ, ಕೋರ್ಟ್ ಒಪ್ಪಿದರೆ ಮಾತ್ರ ಸಿಗುವ ಅಪರಾಧದಲ್ಲಿ ಪೊಲೀಸರು ತನ್ನನ್ನು ಹಿಡಿಯಬಹುದು ಅಂತ ಭಯ ಇರುವವರು ಸೆಷನ್ಸ್ ಕೋರ್ಟಿಗೋ ಹೈಕೋರ್ಟಿಗೋ ಅರ್ಜಿ ಹಾಕುತ್ತಾರೆ. ಕೋರ್ಟ್ ಒಪ್ಪಿದರೆ, 'ಇವರನ್ನು ಬಂಧಿಸಿದರೆ ಜಾಮೀನಿನ ಮೇಲೆ ಬಿಡಿ' ಅಂತ ಆದೇಶ ಕೊಡುತ್ತದೆ. ಅಷ್ಟೇ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದು ಕಲಂ 438. 2024ರ ಜುಲೈ 1ರಿಂದ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಕಲಂ 482. (ಹಳೆಯ 482 ಬೇರೆ. ಕೇಸನ್ನೇ ರದ್ದು ಮಾಡಿ ಅಂತ ಹೈಕೋರ್ಟಿಗೆ ಹೋಗುವ ದಾರಿ ಅದು, ಈಗ 528 ಆಗಿದೆ. ಈ ಎರಡು 482ಗಳ ಗೊಂದಲದಲ್ಲಿ ನಮ್ಮ ಪುಟದಲ್ಲೇ ಒಮ್ಮೆ ತಪ್ಪಾಗಿದೆ. ಕಣ್ಣುತಪ್ಪಿ ಬಿಟ್ಟವನು ನಾನೇ.)

ತಮಾಷೆ ಅಂದರೆ 438ನೇ ಕಲಮಿನ ಪಠ್ಯದಲ್ಲಿ 'ಆಂಟಿಸಿಪೇಟರಿ ಬೇಲ್' (ನಿರೀಕ್ಷಣಾ ಜಾಮೀನಿನ ಇಂಗ್ಲಿಷ್ ಹೆಸರು) ಅನ್ನುವ ಪದವೇ ಇಲ್ಲ. ಅದು ವಕೀಲರ, ಕೋರ್ಟಿನ ರೂಢಿಯ ಮಾತು. 1976ರಲ್ಲೇ ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರು ಈ ಹೆಸರೇ ಸರಿಯಿಲ್ಲ ಅಂದಿದ್ದರು. ಬಂಧನ ಆಗಬಹುದು ಅಂತ ಈಗಲೇ ಜಾಮೀನು ಕೊಡುವುದಲ್ಲ ಇದು, ಬಂಧನ ಆದರೆ ಆಗ ಬಿಡಬೇಕು ಅನ್ನುವ ಆದೇಶ ಅಂತ ಅವರ ವಾದ. ಇಂಗ್ಲಿಷಿನಲ್ಲೇ ಅಳ್ಳಕವಾಗಿದ್ದ ಹೆಸರು ಕನ್ನಡಕ್ಕೆ ಬಂದು ಇನ್ನೂ ಅಳ್ಳಕ ಆಯಿತು.

'ಆಂಟಿಸಿಪೇಟರಿ'ಯ ಲ್ಯಾಟಿನ್ ಬೇರಿನಲ್ಲಿ 'ಮುಂಚೆಯೇ ತೆಗೆದುಕೊಳ್ಳುವುದು' ಅನ್ನುವ ಅರ್ಥ ಇದೆ. ಅಕ್ಕಪಕ್ಕದ ಭಾಷೆಗಳೆಲ್ಲ ಆ 'ಮುಂಚೆ'ಯನ್ನೇ ಹಿಡಿದವು. ತಮಿಳರು ಮುನ್‌ಜಾಮೀನ್ ಅನ್ನುತ್ತಾರೆ. ಮಲಯಾಳಿಗಳು ಮುನ್‌ಕೂರ್ ಜಾಮ್ಯಂ, ತೆಲುಗರು ಮುಂದಸ್ತು ಬೆಯಿಲ್. ಹಿಂದಿಯಲ್ಲಿ ಅಗ್ರಿಮ್ ಜಮಾನತ್. ಮರಾಠಿಯದು ಎಲ್ಲಕ್ಕಿಂತ ನೇರ: ಅಟಕಪೂರ್ವ ಜಾಮೀನ್. ಬಂಧನಕ್ಕೆ ಮೊದಲಿನದು. 'ಅಟಕಾಯಿಸು' ನಮ್ಮಲ್ಲೂ ಇದೆಯಲ್ಲ. ಕನ್ನಡದವರು ಮಾತ್ರ 'ನಿರೀಕ್ಷೆ'ಯನ್ನು ಹಿಡಿದೆವು. ಯಾರ ನಿರೀಕ್ಷೆ? ಅರ್ಜಿದಾರ ನಿರೀಕ್ಷಿಸುವುದು ಬಂಧನವನ್ನು. ಪದ ಓದಿದರೆ ಜಾಮೀನನ್ನು ನಿರೀಕ್ಷಿಸುತ್ತಿದ್ದಾನೆ ಅನಿಸುತ್ತದೆ. ಅದೂ ಅಲ್ಲದೆ ಕನ್ನಡದಲ್ಲಿ ನಿರೀಕ್ಷೆ ಅಂದರೆ ಒಳ್ಳೆಯದಕ್ಕೆ ಕಾಯುವುದು. ಪೊಲೀಸ್ ಜೀಪಿಗೆ ಯಾರೂ ನಿರೀಕ್ಷೆಯಿಂದ ಕಾಯುವುದಿಲ್ಲ.

ಇನ್ನೊಂದು ತೊಡಕು. 'ನಿರೀಕ್ಷಣೆ'ಗೆ ನಮ್ಮಲ್ಲೇ ಇನ್ನೊಂದು ಸರ್ಕಾರಿ ಅರ್ಥ ಇದೆ: ಪರಿಶೀಲನೆ, ತಪಾಸಣೆ. ಆರೋಗ್ಯ ನಿರೀಕ್ಷಕರು, ಕಂದಾಯ ನಿರೀಕ್ಷಕರು, ಪೊಲೀಸ್ ನಿರೀಕ್ಷಕರು. ಊರೂರಲ್ಲಿ ನಿರೀಕ್ಷಣಾ ಮಂದಿರ. ಹಾಗಾಗಿ ಇದು ಇನ್ಸ್‌ಪೆಕ್ಟರ್ ಕೊಡುವ ಜಾಮೀನು ಅಂದುಕೊಂಡವರನ್ನೂ ನೋಡಿದ್ದೇನೆ. ನಗಬೇಡಿ, ಪದ ಹಾಗೇ ಹೇಳುತ್ತಿದೆ.

ನನ್ನ ಒಲವು 'ಮುಂಜಾಮೀನು' ಕಡೆಗೆ. ಮುಂಜಾಗ್ರತೆ, ಮುಂಜಾವು, ಮುಂಗಾರು ಇದ್ದ ಹಾಗೆ. ಜಾಮೀನು ಅರಬ್ಬಿ ಮೂಲದ್ದು. ಅಲ್ಲಿ 'ಜಾಮಿನ್' ಅಂದರೆ ಹೊಣೆ ನಿಲ್ಲುವ ಮನುಷ್ಯ. ನಾವು ಆ ಮನುಷ್ಯನ ಹೆಸರನ್ನು ಹೊಣೆಗೇ ಇಟ್ಟುಕೊಂಡು, ಮನುಷ್ಯನಿಗೆ ಬೇರೆ ಪದ ಬೇಕಾಗಿ 'ಜಾಮೀನುದಾರ' ಅಂತ ಮಾಡಿಕೊಂಡೆವು. 'ಮುಂಗಡ ಜಾಮೀನು' ಬೇಡ, ದುಡ್ಡು ಕೊಟ್ಟ ಹಾಗೆ ಕೇಳಿಸುತ್ತದೆ. 'ಬಂಧನಪೂರ್ವ ಜಾಮೀನು' ಅರ್ಥಕ್ಕೆ ಸರಿ, ಆದರೆ ಶೀರ್ಷಿಕೆಗೆ ಉದ್ದ.

ಏನೇ ಬರೆದರೂ ಒಂದು ತಪ್ಪು ಮಾಡಬಾರದು. 'ನಿರೀಕ್ಷಣಾ ಜಾಮೀನಿನ ಮೇಲೆ ಬಿಡುಗಡೆ' ಅಂತ ವಾರಕ್ಕೊಂದು ಸಲ ನನ್ನ ಮೇಜಿಗೆ ಬರುತ್ತದೆ. ಹಿಡಿದೇ ಇಲ್ಲದವರನ್ನು ಬಿಡುವುದು ಹೇಗೆ? ಇನ್ನು ಕೆಲವರು ಇದನ್ನು ಆರೋಪದಿಂದಲೇ ಪಾರಾದ ಹಾಗೆ ಬರೆಯುತ್ತಾರೆ. ತನಿಖೆ ನಡೆಯುತ್ತಲೇ ಇರುತ್ತದೆ. ಕರೆದಾಗ ವಿಚಾರಣೆಗೆ ಹೋಗಬೇಕು, ಸಾಕ್ಷಿಗಳನ್ನು ಹೆದರಿಸಬಾರದು, ಅನುಮತಿ ಇಲ್ಲದೆ ದೇಶ ಬಿಡಬಾರದು ಅಂತೆಲ್ಲ ಕೋರ್ಟ್ ಷರತ್ತು ಹಾಕಬಹುದು. ದೂರು ಕೊಟ್ಟ ಮನೆಯವರು 'ಪಾರು' ಅನ್ನುವ ಪದವನ್ನು ಓದಿದರೆ ಏನಾಗಬೇಕು, ಹೇಳಿ.

ಈಗ ನನ್ನನ್ನು ಜಾಸ್ತಿ ಕಾಡುತ್ತಿರುವ ಪದಕ್ಕೆ ಬರುತ್ತೇನೆ. ಕಿರುಕುಳ.

ಹಳಗನ್ನಡದಲ್ಲಿ 'ಕಿಱುಕುಳ' ಅಂದರೆ ಸಣ್ಣದು, ಅಲ್ಪವಾದದ್ದು. ಮರಾಠಿಯ 'ಕಿರಕೋಳ್' ನೋಡಿ, ಈಗಲೂ ಚಿಲ್ಲರೆ, ಕ್ಷುಲ್ಲಕ ಅಂತಲೇ ಅರ್ಥ. ಉತ್ತರ ಕರ್ನಾಟಕದ ಅಂಗಡಿಗಳಲ್ಲಿ ಕಿರಕೋಳ ವ್ಯಾಪಾರ ಅಂದರೆ ಬಿಡಿ ವ್ಯಾಪಾರ. ಸಣ್ಣಪುಟ್ಟ ಕಾಟಕ್ಕೆ ಇಟ್ಟ ಹೆಸರು ಬೆಳೆದು ಬೆಳೆದು ಇವತ್ತು ಜೀವ ಹೋಗುವ ಕಾಟಕ್ಕೂ ಅದೇ ಆಗಿದೆ. ಮೀಟಿಂಗಿನಲ್ಲಿ ಎಲ್ಲರ ಮುಂದೆ ಬೈದದ್ದು, ರಜೆ ಕೊಡದೆ ಸತಾಯಿಸಿದ್ದು, ಸಂಬಳ ತಡೆದದ್ದು, ರಾಜೀನಾಮೆ ಬರೆದುಕೊಡು ಅಂತ ದಿನಾ ಕೂರಿಸಿದ್ದು, ಎಲ್ಲವೂ ಕಿರುಕುಳ. ವರದಕ್ಷಿಣೆಯದೂ ಕಿರುಕುಳ. 2013ರ ಕಾಯ್ದೆ ಬಂದ ಮೇಲೆ ಕೆಲಸದ ಜಾಗದ ಲೈಂಗಿಕ ಹಿಂಸೆಯೂ ಕಿರುಕುಳ.

ಕಾನೂನಿನ ಕಣ್ಣಿಗೆ ಇವೆಲ್ಲ ಒಂದೇ ಅಲ್ಲ. ಮದುವೆಯಾದ ಏಳು ವರ್ಷದೊಳಗೆ ಹೆಂಗಸು ಆತ್ಮಹತ್ಯೆ ಮಾಡಿಕೊಂಡು, ಗಂಡನೋ ಅವನ ಕಡೆಯವರೋ ಕ್ರೌರ್ಯ ತೋರಿಸಿದ್ದು ಸಾಬೀತಾದರೆ, ದುಷ್ಪ್ರೇರಣೆ, ಅಂದರೆ ಸಾಯಲು ದೂಡಿದ್ದು, ಇತ್ತು ಅಂತ ಕೋರ್ಟ್ ಊಹಿಸಬಹುದು. ಹಳೆಯ ಸಾಕ್ಷ್ಯ ಕಾಯ್ದೆಯ 113ಎ, ಈಗಿನ ಸಾಕ್ಷ್ಯ ಅಧಿನಿಯಮದ 117 ಅದು. ಕಚೇರಿಯ ಕಿರುಕುಳಕ್ಕೆ ಅಂಥ ಊಹೆಯ ನೆರವಿಲ್ಲ. ಎಲ್ಲವನ್ನೂ ಕೇಸು ನಡೆಸುವ ಸರ್ಕಾರದ ಕಡೆಯವರೇ ತೋರಿಸಬೇಕು. ಸುದ್ದಿಯಲ್ಲಿ ಎರಡಕ್ಕೂ ಒಂದೇ ಪದ ಹಾಕಿ, 'ಅಲ್ಲಿ ಜಾಮೀನು ಸಿಗಲಿಲ್ಲ, ಇಲ್ಲಿ ಹೇಗೆ ಸಿಕ್ಕಿತು?' ಅಂತ ಓದುಗರು ಕೇಳಿದರೆ ತಪ್ಪು ಅವರದಲ್ಲ.

ಮುಂದಿನದು 'ಪ್ರಚೋದನೆ'. ಆತ್ಮಹತ್ಯೆಗೆ ದೂಡಿದ ಆರೋಪಕ್ಕೆ ಹಾಕುವ ಕಲಂ: ಹಳೆಯ ದಂಡ ಸಂಹಿತೆಯ 306, ಈಗಿನ ಭಾರತೀಯ ನ್ಯಾಯ ಸಂಹಿತೆಯ 108. ಹತ್ತು ವರ್ಷದವರೆಗೆ ಜೈಲು, ದಂಡ. ಜಾಮೀನು ಹಕ್ಕಾಗಿ ಸಿಗದ ಅಪರಾಧ ಅನ್ನುವುದಕ್ಕೇ ಮೇಲಧಿಕಾರಿಗಳು ಮೊದಲು ಕೋರ್ಟಿಗೆ ಓಡುವುದು. ಕಾನೂನಿನ ಕನ್ನಡದಲ್ಲಿ ಇದು ದುಷ್ಪ್ರೇರಣೆ. ಪತ್ರಿಕೆಯವರಿಗೆ ಅದು ಬಾಯಿಗೆ ತಿರುಗದೆ 'ಪ್ರಚೋದನೆ' ಅಥವಾ 'ಕುಮ್ಮಕ್ಕು' ಅಂತ ಬರೆಯುತ್ತೇವೆ. ಆದರೆ ದುಷ್ಪ್ರೇರಣೆಯ ಒಳಗೆ ಮೂರು ಕೋಣೆ ಇವೆ: ಚಿತಾವಣೆ, ಒಳಸಂಚು, ಬೇಕಂತಲೇ ಮಾಡಿದ ಸಹಾಯ. ಪ್ರಚೋದನೆ ಮೊದಲ ಕೋಣೆಗೆ ಮಾತ್ರ ಹೊಂದುತ್ತದೆ. ಕುಮ್ಮಕ್ಕು ಮೂರನೆಯದಕ್ಕೆ. ಅದು ತುರ್ಕಿಯಿಂದ ಪಾರಸಿ ದಾಟಿ ಬಂದ 'ಕುಮಕ್', ನೆರವು ಅಂತ ಅರ್ಥ. ಕಾಡಾನೆ ಹಿಡಿಯಲು ನೆರವಾಗುವ ಕುಮ್ಕಿ ಆನೆ, ದಕ್ಷಿಣ ಕನ್ನಡದ ಕುಮ್ಕಿ ಜಮೀನು ಎಲ್ಲ ಅದರ ನೆಂಟರೇ. ಹಾಗಾದರೆ ಕಚೇರಿಯಲ್ಲಿ ಬೈದವನು ಆತ್ಮಹತ್ಯೆಗೆ 'ಕುಮ್ಮಕ್ಕು' ಕೊಟ್ಟ ಅಂದರೆ ನೆರವಾದ ಅಂತಾಯಿತು. ಯಾರೂ ಹೇಳಲು ಹೊರಟಿದ್ದು ಅದನ್ನಲ್ಲ.

ಕೋರ್ಟುಗಳು ಕೂದಲು ಸೀಳುವುದು ಇಲ್ಲೇ. 2001ರಲ್ಲಿ ಛತ್ತೀಸಗಢದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸಿಟ್ಟಿನ ಭರದಲ್ಲಿ, ಹೀಗಾಗಲಿ ಅನ್ನುವ ಉದ್ದೇಶ ಇಲ್ಲದೆ ಆಡಿದ ಮಾತು ಚಿತಾವಣೆ ಆಗುವುದಿಲ್ಲ ಅಂದಿತು. 2024ರ ಅಕ್ಟೋಬರಿನಲ್ಲಿ ಲಖನೌದ ನೌಕರರೊಬ್ಬರ ಪ್ರಕರಣ ಬಂತು. ಸ್ವಯಂ ನಿವೃತ್ತಿ ತೆಗೆದುಕೊಳ್ಳಿ ಅಂತ ಮೇಲಿನವರು ಒತ್ತಿ ಅವಮಾನ ಮಾಡಿದರು ಅಂತ ದೂರು. ಕೋರ್ಟ್ ಕೇಸು ರದ್ದು ಮಾಡಿತು. ಮನೆಯ ಸಂಬಂಧ ಬೇರೆ, ಕಚೇರಿಯ ಸಂಬಂಧ ಬೇರೆ, ಎರಡನೆಯದರಲ್ಲಿ ಉದ್ದೇಶ ಇನ್ನೂ ಸ್ಪಷ್ಟವಾಗಿ ಕಾಣಬೇಕು ಅನ್ನುವುದು ಅದರ ಧಾಟಿ. ಇವು ಜಾಮೀನಿನ ತೀರ್ಪುಗಳಲ್ಲ. ಆದರೆ ಜಾಮೀನು ಕೇಳುವ ವಕೀಲರು ಮೇಜಿನ ಮೇಲೆ ಇಡುವುದು ಇಂಥವನ್ನೇ. ನನಗೆ ಈ ಧಾಟಿ ಪೂರ್ತಿ ಒಪ್ಪಿಗೆ ಇಲ್ಲ. ದಿನಕ್ಕೆ ಹತ್ತು ಗಂಟೆ ಕಳೆಯುವ ಜಾಗದ ಮಾತು ಮನೆಯ ಮಾತಿನಷ್ಟೇ ಚುಚ್ಚಬಲ್ಲದು. ಅದು ಬೇರೆ ಚರ್ಚೆ, ಬಿಡಿ.

ಭಾಷೆಯ ಪ್ರಶ್ನೆ ಇದು. 'ಹೋಗಿ ಸಾಯಿ' ಅಂದದ್ದು ಚಿತಾವಣೆಯೇ ಅಂತ 2002ರಲ್ಲಿ ಮಧ್ಯಪ್ರದೇಶದ ಕೇಸಿನಲ್ಲಿ ಚರ್ಚೆ ಆಗಿತ್ತು. ಜಗಳದ ನಡುವೆ ಬಂದ ಆ ಮಾತು ಸಾಲದು ಅಂದಿತು ಕೋರ್ಟ್. ಕನ್ನಡದಲ್ಲಿ ನಾವು 'ಸಾಯ್ಲಿ ಅತ್ಲಾಗೆ' ಅಂದರೆ ಹೋಗಲಿ ಬಿಡು ಅಂತ ಅರ್ಥ. ಬಸ್ಸು ತಪ್ಪಿದರೂ ಅನ್ನುತ್ತೇವೆ. ಆದರೆ 'ನೀನು ಇದ್ದೂ ಸತ್ತ ಹಾಗೆ' ಅಂತ ತಿಂಗಳುಗಟ್ಟಲೆ ಒಬ್ಬನಿಗೇ ಹೇಳಿದರೆ ಅದು ಸುಮ್ನೆ ಆಡಿದ ಮಾತಲ್ಲ. ಎರಡೂ ಇಂಗ್ಲಿಷಿಗೆ ಹೋದಾಗ ಒಂದೇ ಆಗಿಬಿಡುವ ಅಪಾಯ ಇದೆ. ದೂರು ಕನ್ನಡದಲ್ಲಿ, ಹೈಕೋರ್ಟಿನ ವಾದ ಇಂಗ್ಲಿಷಿನಲ್ಲಿ. ನಡುವೆ ತರ್ಜುಮೆ ಮಾಡುವವರು ಇದನ್ನು ಹೇಗೆ ಹಿಡಿಯುತ್ತಾರೆ?

ದಾರಿಯಲ್ಲಿ ಇನ್ನೊಂದು. 'ಆತ್ಮಹತ್ಯೆಗೆ ಶರಣು' ಅನ್ನುವುದನ್ನು ನಾನು ಎಲ್ಲಿ ಕಂಡರೂ ಹೊಡೆದು ಹಾಕುತ್ತೇನೆ. ಶರಣು ಅನ್ನುವುದು ನಮಗೆ ಎಂಥ ಪದ! ಅದನ್ನು ತಂದು ಇಲ್ಲಿ ಅಂಟಿಸಿದವರು ಯಾರೋ. 'ಮರಣಪತ್ರ'ವೂ ಬೇಡ, ಮರಣಶಾಸನದ (ಉಯಿಲಿನ) ಜೊತೆ ಕಲಸುತ್ತದೆ. 'ಸಾಯುವ ಮುಂಚೆ ಬರೆದ ಚೀಟಿ' ಸಾಕು.

ಹಾಗಾಗಿ ಬಲ್ಲವರಲ್ಲಿ ಕೇಳುತ್ತೇನೆ. ಒಂದು, 'ಮುಂಜಾಮೀನು' ಅಚ್ಚಿನಲ್ಲಿ ಕಂಡವರು ಯಾರಾದರೂ ಇದ್ದೀರಾ? ಮಲಯಾಳದ ನಡುವಿನ ಕಾಸರಗೋಡಿನ ಕನ್ನಡದವರು, ಮಹಾರಾಷ್ಟ್ರದ ಜತ್ತ, ಅಕ್ಕಲಕೋಟೆ ಕಡೆಯವರು ಮನೆಯಲ್ಲಿ ಏನನ್ನುತ್ತೀರಿ? ನಮ್ಮ ಕಡೆಯ ವಕೀಲರಂತೂ 'ಆಂಟಿಸಿಪೇಟರಿ ಹಾಕೋಣ' ಅಂತ ಅರ್ಧ ಪದದಲ್ಲೇ ಮುಗಿಸುತ್ತಾರೆ. ಇನ್ನೊಂದು, ಕಚೇರಿಯಲ್ಲಿ ಬಿಡದೆ ಕೊಡುವ ಕಾಟಕ್ಕೆ ಕಿರುಕುಳಕ್ಕಿಂತ ತೂಕದ, ಆದರೆ ಆರೋಪವನ್ನು ತೀರ್ಪು ಮಾಡಿಬಿಡದ ಪದ ಬೇಕು. 'ಪೀಡನೆ' ಪುಸ್ತಕದ್ದು. 'ಹಿಂಸೆ' ಅಂದರೆ ಹೊಡೆದರು ಅನಿಸುತ್ತದೆ. 'ಗೋಳು ಹುಯ್ದುಕೊಳ್ಳುವುದು' ಬಾಯಲ್ಲಿ ಚೆನ್ನ, ಶೀರ್ಷಿಕೆಗೆ ಆಗುವುದಿಲ್ಲ. ನಿಮ್ಮ ಊರಿನಲ್ಲಿ ಏನಾದರೂ ಇದ್ದರೆ ತಿಳಿಸಿ. ಅಲ್ಲಿಯವರೆಗೆ 'ಕಿರುಕುಳ ಕೊಟ್ಟರು' ಅಂತ ಬರೆಯುವ ಬದಲು, ಏನು ಮಾಡಿದರು ಅಂತ ದೂರಿನಲ್ಲಿದೆಯೋ ಅದನ್ನೇ ಬರೆಯಿರಿ ಅಂತ ವರದಿಗಾರರಿಗೆ ಹೇಳಿದ್ದೇನೆ.