ಕವಿ / ಕವಯಿತ್ರಿ: ಅಖ್ಮಾತೊವಾಗೆ ಯಾವ ಪದ ಹಾಕೋದು?

ಎಲ್ರಿಗೂ ನಮಸ್ಕಾರ. ಅನ್ನಾ ಅಖ್ಮಾತೊವಾ ಬಗ್ಗೆ ಒಂದು ಪರಿಚಯ ಲೇಖನ ಬರೀತಿದೀನಿ, ಮೊದಲ ವಾಕ್ಯದಲ್ಲೇ ತೊಡಕು. "ಸೋವಿಯತ್ ಕಾಲದ ರಷ್ಯನ್ ಕವಯಿತ್ರಿ" ಅಂತ ಬರೆಯೋದು ನಮ್ಮಲ್ಲಿ ರೂಢಿ, ಆದ್ರೆ ಆಯಮ್ಮನಿಗೆ ಅಂಥ ಪದ ಆಗ್ತಾನೇ ಇರ್ಲಿಲ್ಲ. ರಷ್ಯನ್ನಲ್ಲಿ ಪೊಎತ್ ಅಂದ್ರೆ ಕವಿ, ಅದಕ್ಕೆ ಹೆಣ್ಣಿನ ಪ್ರತ್ಯಯ ಹಚ್ಚಿದ್ರೆ ಪೊಎತೆಸ್ಸಾ. ಆ ಎರಡನೇ ಪದ ಬೇಡ, ನಾನು ಪೊಎತ್ ಅಷ್ಟೇ ಅನ್ನೋದು ಆಕೆಯ ಪಟ್ಟು. ಅದೇ ಕಾಲದ ಮರೀನಾ ತ್ಸ್ವೆತಾಯೆವಾದೂ ಇದೇ ಪಟ್ಟು.

ಯಾಕಿರಬಹುದು ಅಂದ್ರೆ, 1912ರ "ಸಂಜೆ", 1914ರ "ಜಪಮಾಲೆ" ಎರಡೂ ಸಂಕಲನಗಳಲ್ಲಿ ಜಾಸ್ತಿ ಇರೋದು ಚಿಕ್ಕ ಚಿಕ್ಕ ಪ್ರೇಮಕವಿತೆಗಳು, ಒಂದರಲ್ಲಂತೂ ಬಿಟ್ಟು ಬರ್ತಿರೋ ಹೆಂಗಸು ಗಾಬರಿಯಲ್ಲಿ ಎಡಗೈ ಗ್ಲೌಸನ್ನ ಬಲಗೈಗೆ ಹಾಕ್ಕೊಂಡುಬಿಡ್ತಾಳೆ, ಅವಳ ಸಂಕಟವೆಲ್ಲ ಆ ಒಂದು ಗ್ಲೌಸಲ್ಲೇ ಬಂದುಬಿಡುತ್ತೆ. ಇಂಥದ್ದನ್ನ "ಹೆಂಗಸರ ಕವಿತೆ" ಅಂತ ಪಕ್ಕಕ್ಕೆ ತೆಗೆದಿಡೋದು ಓದುಗರಿಗೆ ತುಂಬ ಸುಲಭ, ಪೊಎತೆಸ್ಸಾ ಅನ್ನೋ ಪದಕ್ಕೂ ಆ ಹಗುರ ಅಂಟ್ಕೊಂಡಿತ್ತು ಅಂತ ನನ್ನ ತಿಳುವಳಿಕೆ.

ಹಾಗಂತ ಹೆಣ್ತನ ಮುಚ್ಚಿಟ್ಟವಳಲ್ಲ. ಆಕೆಯ ಪದ್ಯಮಾಲೆ "ರೆಕ್ವಿಯೆಂ" ಓದಿದೋರಿಗೆ ಗೊತ್ತು. ಮೊದಲ ಗಂಡ, ಕವಿ ನಿಕೊಲಾಯ್ ಗುಮಿಲ್ಯೋವ್‌ನ 1921ರಲ್ಲಿ ಗುಂಡಿಕ್ಕಿ ಕೊಂದ್ರು, ಆಗಲೇ ಇವರಿಬ್ಬರೂ ಬೇರೆ ಆಗಿ ವರ್ಷಗಳಾಗಿತ್ತು. ಮಗ ಲೆವ್‌ನ ಮೂವತ್ತರ ದಶಕದಲ್ಲಿ ಹಿಡ್ಕೊಂಡು ಹೋದಾಗ ಲೆನಿನ್‌ಗ್ರಾದ್‌ನ ಜೈಲಿನ ಮುಂದೆ 17 ತಿಂಗಳು ಕ್ಯೂ ನಿಂತದ್ದನ್ನ ಆಕೆಯೇ ಮುನ್ನುಡಿಯಲ್ಲಿ ಹೇಳ್ತಾಳೆ. ಅಲ್ಲಿ ಹಿಂದೆ ನಿಂತಿದ್ದ ಹೆಂಗಸೊಬ್ಬಳು, ತುಟಿ ನೀಲಿಗಟ್ಟಿದವಳು, ಇದನ್ನ ಬರೆಯೋಕಾಗುತ್ತಾ ಅಂತ ಪಿಸುಗುಡ್ತಾಳೆ, ಈಕೆ ಆಗುತ್ತೆ ಅಂತಾಳೆ. ಆ ಪದ್ಯಗಳಲ್ಲಿ ಮಾತಾಡೋಳು ತಾಯಿ, ಹೆಂಡತಿ, ಒಬ್ಬಂಟಿ ಹೆಂಗಸು, ಎಲ್ಲವೂ. ಕಾಗದದಲ್ಲಿ ಇಟ್ಕೊಳ್ಳೋದೇ ಅಪಾಯ ಅಂತ ಚೀಟೀಲಿ ಬರೆದು ತೋರಿಸಿ, ಗೆಳತಿ ಲಿದಿಯಾ ಚುಕೋವ್‌ಸ್ಕಾಯಾ ಬಾಯಿಪಾಠ ಮಾಡ್ಕೊಂಡಮೇಲೆ ಅಲ್ಲೇ ಸುಟ್ಟುಹಾಕ್ತಿದ್ದದ್ದು. 1963ರಲ್ಲಿ ಮ್ಯೂನಿಕ್‌ನಲ್ಲಿ ಅಚ್ಚಾಯ್ತು, ಸ್ವಂತ ದೇಶದಲ್ಲಿ ಪೂರ್ತಿ ಅಚ್ಚಾಗಿದ್ದು 1987ರಲ್ಲಿ, ಅಷ್ಟೊತ್ತಿಗೆ ಆಕೆ ತೀರ್ಕೊಂಡು 21 ವರ್ಷ.

ಇನ್ನು 1946ರಲ್ಲಿ ಕಮ್ಯುನಿಸ್ಟ್ ಪಾರ್ಟಿಯ ನಾಯಕ ಝ್ದಾನೊವ್ ಎಲ್ಲರೆದುರು ಬೈದದ್ದು ಅರ್ಧ ಸನ್ಯಾಸಿನಿ ಅರ್ಧ ವೇಶ್ಯೆ ಅಂತ, ಲೇಖಕರ ಒಕ್ಕೂಟದಿಂದಲೂ ಹೊರಗೆ ಹಾಕಿದ್ರು. ಆ ಬೈಗುಳದಲ್ಲಿ ಹೆಂಗಸೊಬ್ಬಳು ಇದಾಳೆ, ಕವಿ ಇಲ್ಲವೇ ಇಲ್ಲ. ಇದನ್ನ ಓದಿದಮೇಲೆ ನನಗೆ ಆಕೆಯ ಪಟ್ಟು ದೊಡ್ಡ ವಿಷಯ ಅಂತಲೇ ಅನ್ಸುತ್ತೆ.

ಈಗ ಕನ್ನಡಕ್ಕೆ ಬರೋಣ. ನನ್ನ ಒಲವು "ಕವಿ" ಕಡೆಗೇ. ನಮ್ಮಲ್ಲಿ ಲಿಂಗವನ್ನ ಕ್ರಿಯಾಪದ ಹೇಳುತ್ತೆ, "ಕವಿ ಬರೆದಳು" ಅಂದ್ರೆ ಏನೂ ಕೆಡಲ್ಲ, ರಷ್ಯನ್ನಲ್ಲೂ ಭೂತಕಾಲದ ಕ್ರಿಯೆ ಹೀಗೇ ಲಿಂಗ ತೋರಿಸುತ್ತೆ, ಜೊತೆಗೆ ಅಖ್ಮಾತೊವಾ ಅನ್ನೋ ಹೆಸರಿನ ಕೊನೆಯ "ವಾ"ನೇ ಹೆಣ್ಣು ಅಂತ ಸಾರುತ್ತೆ. ಗೌರವಕ್ಕೆ "ಬರೆದರು" ಅಂದ್ರಂತೂ ಗಂಡು ಹೆಣ್ಣಿನ ಪ್ರಶ್ನೆಯೇ ಬರಲ್ಲ.

ಆದ್ರೆ ಇದಕ್ಕೆ ಎದುರಾಗಿ ಹೇಳೋಕೂ ಬೇಕಾದಷ್ಟಿದೆ. ನಮ್ಮ ಕವಯಿತ್ರಿ ಸಂಸ್ಕೃತದಿಂದ ನೇರ ಬಂದ ಗಂಭೀರ ಪದ, ಪೊಎತೆಸ್ಸಾದ ಆ ಡ್ರಾಯಿಂಗ್ ರೂಮ್ ವಾಸನೆ ಅದಕ್ಕಿಲ್ಲ. (ಕವಿಯತ್ರಿ, ಕವಯತ್ರಿ ಅಂತೆಲ್ಲ ಟೈಪ್ ಮಾಡ್ತಾರೆ, ಕವಯಿತ್ರಿಯೇ ಸರಿ.) ಅಕ್ಕಮಹಾದೇವಿಯನ್ನ ವಚನಕಾರ್ತಿ ಅಂತೀವಿ, ಅದರಿಂದ ಅಕ್ಕ ಯಾರಿಗೂ ಚಿಕ್ಕವಳಾಗಿಲ್ಲ. ಕರ್ನಾಟಕ ಲೇಖಕಿಯರ ಸಂಘದವರು "ಲೇಖಕಿ" ಅನ್ನೋದನ್ನ ತಾವಾಗೇ ಹೆಸರಲ್ಲಿ ಇಟ್ಕೊಂಡಿದಾರೆ. ಹಾಗಾಗಿ ರಷ್ಯನ್ ಪದದ ಮೇಲಿನ ಸಿಟ್ಟನ್ನ ಕನ್ನಡ ಪದದ ಮೇಲೆ ಹೊರಿಸೋದು ನ್ಯಾಯವಾ ಅಂತ ಯಾರಾದ್ರೂ ಕೇಳಿದ್ರೆ ಅದು ಸರಿಯಾದ ಪ್ರಶ್ನೆಯೇ. ನನ್ನ ಉತ್ತರ, ಕವಯಿತ್ರಿ ಕೆಟ್ಟ ಪದ ಅಂತಲ್ಲ, ತನ್ನನ್ನ ಏನಂತ ಕರೀಬೇಕು ಅಂತ ಆಕೆಯೇ ಹೇಳಿರುವಾಗ ಅದನ್ನ ಉಳಿಸ್ಕೋಬೇಕು ಅಂತ.

ನಾನು ಕೇಳೋದು ಎರಡು. ಕವಯಿತ್ರಿ ಅನ್ನೋದನ್ನ ಕನ್ನಡದಲ್ಲಿ ಯಾರಾದ್ರೂ ಹಗುರವಾಗಿ ಬಳಸಿದ್ದು, ಅಥವಾ ಬರೆಯೋ ಹೆಣ್ಣುಮಕ್ಕಳೇ ನನಗೆ ಆ ಪದ ಬೇಡ ಅಂದದ್ದು ನಿಮ್ಮ ಕಿವಿಗೆ ಬಿದ್ದಿದೆಯಾ? ಮತ್ತೆ "ಆಕೆ ದೊಡ್ಡ ಕವಿ" ಅಂತ ಕ್ರಿಯಾಪದವೇ ಇಲ್ಲದ ವಾಕ್ಯ ಬಂದಾಗ ನಿಮಗೆ ಓದೋಕೆ ಎಲ್ಲಾದ್ರೂ ತಡೆಯುತ್ತಾ, ಸರಾಗವಾಗಿ ಹೋಗುತ್ತಾ? ತಡೆಯುತ್ತೆ ಅನ್ನೋರು ಯಾವ ಊರಿನ ಕಡೆ ಬಳಕೆ ಅಂತಲೂ ಬರೀರಿ.